ಅದೇ ವಿಮಾನದಲ್ಲಿ ಅಭಿನವ್ ಕೂಡ ಇದ್ದರು

ಇವತ್ತು ಮಾರ್ಚ್ 24. ಲೆಫ್ಟಿನೆಂಟ್ ಕಿರಣ್ ಶೇಖಾವತ್ ಅವರ ಫೋಟೋ ಬೆಳಿಗ್ಗೆಯಿಂದ ಅಲ್ಲಲ್ಲಿ ಕಾಣಿಸುತ್ತಿದೆ. ಕೆಳಗೆ ಪ್ರತಿ ವರ್ಷದ ಅದೇ ಸಾಲು: ಕರ್ತವ್ಯದಲ್ಲಿದ್ದಾಗ ಪ್ರಾಣ ಕಳೆದುಕೊಂಡ ನಮ್ಮ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ. ಅದರ ಕೆಳಗೆ ಕೈಮುಗಿಯುವ ಇಮೋಜಿಗಳ ಸಾಲು. ನನ್ನದೂ ಒಂದು ಇದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ರಾತ್ರಿ, ಅದೇ ವಿಮಾನದಲ್ಲಿ, ಲೆಫ್ಟಿನೆಂಟ್ ಅಭಿನವ್ ನಾಗೋರಿ ಎನ್ನುವ ಹುಡುಗ ಕೂಡ ಹೋದ. ಅವನ ಫೋಟೋ ನನಗೆ ಒಂದು ಕಡೆಯೂ ಕಾಣಲಿಲ್ಲ.

ನಡೆದದ್ದು 2015ರಲ್ಲಿ. ಗೋವಾದ ಐಎನ್ಎಸ್ ಹಂಸಾ ನೌಕಾನೆಲೆಯ ಡಾರ್ನಿಯರ್ ವಿಮಾನ ಅದು, ಸಮುದ್ರದ ಮೇಲೆ ಕಣ್ಣಿಡುವಂಥದ್ದು. ರಾತ್ರಿಯ ತರಬೇತಿ ಹಾರಾಟ. ಒಳಗೆ ಮೂವರು. ಪೈಲಟ್ ಕಮಾಂಡರ್ ನಿಖಿಲ್ ಜೋಶಿ, ಕೋ-ಪೈಲಟ್ ಅಭಿನವ್, ಅಬ್ಸರ್ವರ್ ಕಿರಣ್. ರಾತ್ರಿ ಹತ್ತರ ಸುಮಾರಿಗೆ ಗೋವಾದಿಂದ ನೈಋತ್ಯಕ್ಕೆ 25 ನಾಟಿಕಲ್ ಮೈಲಿ ದೂರದಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು. ಜೋಶಿಯವರನ್ನು ಎತ್ತಿಕೊಂಡು ಬದುಕಿಸಿದ್ದು ಒಂದು ಮೀನುಗಾರಿಕೆ ದೋಣಿ. ಉಳಿದಿಬ್ಬರು ಸಿಗಲಿಲ್ಲ. ಎರಡು ದಿನ ಹುಡುಕಿದ ಮೇಲೆ, ಸುಮಾರು 60 ಮೀಟರ್ ಆಳದಲ್ಲಿ ವಿಮಾನ ಸಿಕ್ಕಿತು. ನಮ್ಮ ಮೀನುಗಾರರ ಲೆಕ್ಕದಲ್ಲಿ 30 ಮಾರಿಗಿಂತ ಜಾಸ್ತಿ. ಕಿರಣ್ ಅದರೊಳಗೇ ಇದ್ದರು.

ಇನ್ನು ಐದು ವಾರ ಕಳೆದಿದ್ದರೆ ಅವರಿಗೆ 27 ತುಂಬುತ್ತಿತ್ತು. ಊರು ರಾಜಸ್ಥಾನದ ಝುಂಝುನೂ ಜಿಲ್ಲೆಯ ಖೇತ್ರಿ ಹತ್ತಿರ. ವಿವೇಕಾನಂದರ ಜೀವನಚರಿತ್ರೆ ಓದಿದವರಿಗೆ ಖೇತ್ರಿ ಹೊಸ ಹೆಸರಲ್ಲ, ಅವರನ್ನು ಬಹಳ ಹಚ್ಚಿಕೊಂಡಿದ್ದ ರಾಜ ಅಜಿತ್ ಸಿಂಗ್ ಅವರ ಊರು ಅದು. ಕಿರಣ್ ಅವರ ಅಪ್ಪ ನೌಕಾಪಡೆಯಲ್ಲಿದ್ದವರು. ಗಂಡನೂ ನೌಕಾಪಡೆಯ ಅಧಿಕಾರಿ. ಆ ವರ್ಷದ ಗಣರಾಜ್ಯೋತ್ಸವ ನೆನಪಿದೆಯಾ? ಒಬಾಮಾ ಬಂದಿದ್ದರು. ನೌಕಾಪಡೆಯ ಹೆಣ್ಣುಮಕ್ಕಳ ತುಕಡಿ ಮೊದಲ ಸಲ ರಾಜಪಥದಲ್ಲಿ ಹೆಜ್ಜೆ ಹಾಕಿತು. ಟಿವಿಯಲ್ಲಿ ನೋಡಿ ನಾವೆಲ್ಲ ಖುಷಿಪಟ್ಟಿದ್ದೆವು. ಆ ತುಕಡಿಯಲ್ಲಿ ಕಿರಣ್ ಇದ್ದರು. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ.

ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ. ಅವರು ಮಾಡುತ್ತಿದ್ದ ಕೆಲಸ ಏನು ಅಂತ ಯಾರೂ ಹೇಳುವುದಿಲ್ಲ.

ಅಬ್ಸರ್ವರ್ ಅಂದರೆ ಕಿಟಕಿ ಪಕ್ಕ ಕೂತು ಹೊರಗೆ ನೋಡುವವರು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ವಿಮಾನ ಹಾರಿಸುವುದು ಪೈಲಟ್ ಕೆಲಸ. ಆ ವಿಮಾನ ಯಾಕೆ ಅಲ್ಲಿಗೆ ಹೋಗಿದೆಯೋ ಆ ಕೆಲಸ ಅಬ್ಸರ್ವರ್‌ದು. ರಾಡಾರ್ ಪರದೆಯ ಮೇಲೆ ಒಂದು ಚುಕ್ಕೆ ಕಾಣುತ್ತದೆ. ಅದು ಸರಕು ಹಡಗಾ, ಮೀನು ಹಿಡಿಯುವ ಬೋಟಾ, ಅಲ್ಲಿ ಇರಬಾರದ ಇನ್ನೇನೋ ಒಂದಾ? ಅದನ್ನು ತೀರ್ಮಾನಿಸಬೇಕು. ದಾರಿ ಲೆಕ್ಕ ಹಾಕಬೇಕು, ಕೆಳಗಿರುವ ಹಡಗುಗಳ ಜೊತೆ ಮಾತಾಡಬೇಕು. ಹೆಣ್ಣುಮಕ್ಕಳಿಗೆ ಆ ಸೀಟು ಸಿಕ್ಕಿದ್ದೇ 2009ರಲ್ಲಿ. ಮರುವರ್ಷವೇ ಕಿರಣ್ ನೌಕಾಪಡೆ ಸೇರಿದರು. ಹೀಗಾಗಿ 'ಮೊದಲ' ಅನ್ನುವ ಮಾತಿಗೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಸತ್ತವರಲ್ಲಿ ಮೊದಲಿಗರಾಗಬೇಕು ಅಂತ ಯಾರೂ ಕೆಲಸಕ್ಕೆ ಸೇರಿರುವುದಿಲ್ಲ, ಅಲ್ವಾ? ಆ ಒಂದು ಸಾಲಿನಲ್ಲಿ ಕಿರಣ್ ಅವರ ಕೆಲಸವೂ ಕಾಣುವುದಿಲ್ಲ, ಅಭಿನವ್ ಅಂತೂ ಪೂರ್ತಿ ಕಾಣೆ. ಉದಯಪುರದ ಹುಡುಗ. ಯಾವುದರಲ್ಲೂ 'ಮೊದಲ' ಅಲ್ಲ. ಅದಕ್ಕೇ ಪೋಸ್ಟರ್ ಇಲ್ಲ.

ರಾತ್ರಿ ಹೊತ್ತು ಸಮುದ್ರದ ಮೇಲೆ ಹಾರುವುದು ಎಂಥ ಕಷ್ಟ ಅಂತ ಕರಾವಳಿಯವರಿಗೆ ಸ್ವಲ್ಪವಾದರೂ ಅಂದಾಜಾಗಬಹುದು. ಅಮಾವಾಸ್ಯೆ ಆಸುಪಾಸಿನಲ್ಲಿ ಬೋಟಿನ ಮೇಲೆ ನಿಂತರೆ ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ದೂರದ ಬೋಟಿನ ದೀಪ ನಕ್ಷತ್ರದ ಹಾಗೆ ಕಾಣುತ್ತದೆ. ವಿಮಾನದಲ್ಲಿ ಇದು ಇನ್ನೂ ಅಪಾಯ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲ ಇನ್ನೊಂದು ಹೇಳುತ್ತದೆ, ಎದುರಿಗಿರುವ ಮೀಟರ್ ಮತ್ತೊಂದು. ಮೀಟರನ್ನೇ ನಂಬಬೇಕು ಅಂತ ಕಲಿಸುತ್ತಾರೆ. ಅವತ್ತು ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಇಂಥ ಹಾರಾಟಕ್ಕೂ ನಾವು 'ಮಾಮೂಲಿ ತರಬೇತಿ' ಅನ್ನುತ್ತೇವೆ ಅಂತ ಹೇಳಿದೆ, ಅಷ್ಟೇ. ಇನ್ನೊಂದು ವಿಷಯ. ಡಾರ್ನಿಯರ್‌ನಲ್ಲಿ ಫೈಟರ್ ವಿಮಾನದ ಹಾಗೆ ಹೊರಗೆ ಚಿಮ್ಮಿಸುವ ಸೀಟು ಇರುವುದಿಲ್ಲ.

ಆ ಸೀಟು ಇದ್ದರೂ ಬದುಕುತ್ತಾರೆ ಅನ್ನುವ ಖಾತ್ರಿ ಇಲ್ಲ. 2020ರ ನವೆಂಬರ್ 26ರಂದು ಅರಬ್ಬಿ ಸಮುದ್ರಕ್ಕೆ ಬಿದ್ದ ನೌಕಾಪಡೆಯ ಫೈಟರ್ ವಿಮಾನ ಮಿಗ್-29ಕೆ ನೆನಪಿಸಿಕೊಳ್ಳಿ. ಅದರಲ್ಲಿ ಕಲಿಯುತ್ತಿದ್ದ ಪೈಲಟ್ ಜೀವಂತ ಸಿಕ್ಕಿದರು. ಕಲಿಸುತ್ತಿದ್ದ ಕಮಾಂಡರ್ ನಿಶಾಂತ್ ಸಿಂಗ್ ಅವರ ದೇಹ ಸಿಕ್ಕಿದ್ದು 11 ದಿನ ಕಳೆದ ಮೇಲೆ. ಅದೇ ವರ್ಷ ಮದುವೆಗೆ ಅನುಮತಿ ಕೇಳಿ ಮೇಲಧಿಕಾರಿಗೆ ಅವರು ಬರೆದ ತಮಾಷೆಯ ಪತ್ರ ವಾಟ್ಸಾಪ್ ತುಂಬಾ ಓಡಾಡಿತ್ತು. ಅವರು ಹೋದ ಮೇಲೆ ಅದೇ ಪತ್ರ ಮತ್ತೆ ಬಂತು. ನನಗೆ ಅದು ಸರಿ ಅನ್ನಿಸಿತು. ಆ ಪತ್ರದಲ್ಲಿ ಒಬ್ಬ ಮನುಷ್ಯ ಇದ್ದ, ನಗುವ ಮನುಷ್ಯ. 'ವೀರ', 'ಅಮರ' ಅಂತ ಬರೆದ ಪೋಸ್ಟರ್‌ಗಳಲ್ಲಿ ಅವನು ನನಗೆ ಸಿಗಲಿಲ್ಲ.

ಯುದ್ಧದಲ್ಲಿ ಹೋದವರಿಗೆ ನಾವು ಜಾಗ ಮಾಡಿಟ್ಟಿದ್ದೇವೆ. ದಿನಾಚರಣೆ ಇದೆ, ಸ್ಮಾರಕ ಇದೆ, ಸರ್ಕಲ್‌ಗೆ ಹೆಸರಿದೆ. ಯುದ್ಧ ಇಲ್ಲದಾಗ ಹೋದವರಿಗೆ ಒಂದು ದಿನದ ಸುದ್ದಿ. ಅದೂ ನೆಲದ ಮೇಲೆ ಬಿದ್ದರೆ ಸ್ವಲ್ಪ ಜಾಸ್ತಿ. 2019ರ ಫೆಬ್ರವರಿ 1ರಂದು ಬೆಂಗಳೂರಿನ ಎಚ್ಎಎಲ್ ವಿಮಾನ ನಿಲ್ದಾಣದಲ್ಲಿ ವಾಯುಪಡೆಯ ಮಿರಾಜ್ ಬಿದ್ದು ಇಬ್ಬರು ಸ್ಕ್ವಾಡ್ರನ್ ಲೀಡರ್‌ಗಳು ತೀರಿಕೊಂಡಾಗ ಹೊಗೆ ಎಲ್ಲರಿಗೂ ಕಂಡಿತು. ಹಾಗಾಗಿ ಪ್ರಶ್ನೆ ಕೇಳಿದವರೂ ಬೇಕಾದಷ್ಟು ಜನ. ಸಮುದ್ರದಲ್ಲಿ ಬಿದ್ದರೆ ತೋರಿಸುವುದಕ್ಕೆ ಒಂದು ಸ್ಥಳವೂ ಇರುವುದಿಲ್ಲ.

ಪ್ರಶ್ನೆ ಕೇಳಿದರೆ ಸತ್ತವರಿಗೆ ಅವಮಾನ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರತಿ ಅಪಘಾತದ ನಂತರ ಬೋರ್ಡ್ ಆಫ್ ಎನ್‌ಕ್ವೈರಿ, ಅಂದರೆ ತನಿಖಾ ಸಮಿತಿ, ಕೂರುತ್ತದೆ. ವರದಿ ಸಾಮಾನ್ಯವಾಗಿ ನಮ್ಮ ಕೈಗೆ ಬರುವುದಿಲ್ಲ. ಗುಟ್ಟಿನ ವಿಷಯ ಗುಟ್ಟಾಗಿಯೇ ಇರಲಿ. ಆದರೆ ಯಂತ್ರ ಕೆಟ್ಟಿತಾ, ಹವಾಮಾನ ಕೈಕೊಟ್ಟಿತಾ, ಆಮೇಲೆ ಏನು ಬದಲಾಯಿಸಿದರು ಅಂತ ನಾಲ್ಕು ಸಾಲು ಹೇಳಿದರೆ ಶತ್ರುವಿಗೆ ಏನು ಸಿಕ್ಕೀತು? ಮಕ್ಕಳನ್ನು ಆ ಕೆಲಸಕ್ಕೆ ಕಳಿಸುವ ಅಪ್ಪ ಅಮ್ಮಂದಿರಿಗೆ ಅಷ್ಟಾದರೂ ಗೊತ್ತಾಗಬೇಕು.

ಕಾಯುವುದು ಅಂದರೆ ಏನು ಅಂತ ನಮ್ಮ ಕರಾವಳಿಗೆ ಗೊತ್ತಿದೆ. ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು 2018ರ ಡಿಸೆಂಬರ್‌ನಲ್ಲಿ ಏಳು ಜನರ ಸಮೇತ ಕಾಣೆಯಾಯಿತು. ಹೆಚ್ಚಿನವರು ನಮ್ಮ ಉತ್ತರ ಕನ್ನಡದವರೇ. ಆ ಮನೆಗಳಲ್ಲಿ ಎಷ್ಟು ತಿಂಗಳು ಫೋನ್ ಹಿಡಿದು ಕೂತಿದ್ದರು! ಕೊನೆಗೆ ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಕಡಲಡಿ ಅದನ್ನು ಪತ್ತೆ ಹಚ್ಚಿದ್ದು ನೌಕಾಪಡೆಯ ಹಡಗು ಐಎನ್ಎಸ್ ನಿರೀಕ್ಷಕ್. ಅದಕ್ಕೂ ನಾಲ್ಕು ವರ್ಷ ಮೊದಲು ನೌಕಾಪಡೆಯ ಪೈಲಟ್ ಜೋಶಿಯವರನ್ನು ನೀರಿಂದ ಎತ್ತಿದ್ದು ಮೀನುಗಾರರು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರ ಪರಿಹಾರದ ಗೋಳು ಒಂದು ಕಡೆ ಇದ್ದೇ ಇದೆ, ಆ ಸಿಟ್ಟು ನ್ಯಾಯವಾದದ್ದೇ. ಆದರೆ ನೀರಿನ ಮೇಲೆ ಮೀನುಗಾರರೂ ನೌಕಾಪಡೆಯವರೂ ಒಬ್ಬರಿಗೊಬ್ಬರು ಆಗುವವರು.

ಅದಕ್ಕೇ ನನ್ನದೊಂದು ಬೇಡಿಕೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ಇದೆ. ಅದರ ಕತೆಯನ್ನು ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ. ಪಕ್ಕದಲ್ಲೇ ಟುಪೊಲೆವ್ ವಿಮಾನ ತಂದು ನಿಲ್ಲಿಸಿದ್ದಾರೆ. 29 ವರ್ಷ ಸಮುದ್ರ ಕಾದು 2017ರಲ್ಲಿ ನಿವೃತ್ತಿಯಾದ ಜಾತಿಯ ವಿಮಾನ. ಡಾರ್ನಿಯರ್‌ಗಿಂತ ಎಷ್ಟೋ ದೊಡ್ಡದು, ಆದರೆ ಕೆಲಸ ಹೆಚ್ಚುಕಡಿಮೆ ಅದೇ, ನೀರಿನ ಮೇಲೆ ಹಾರಿ ಕಣ್ಣಿಡುವುದು. ಜನ ಅದರ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಒಂದು ಫಲಕ ಹಾಕಲಿ. ಅಬ್ಸರ್ವರ್ ಏನು ಮಾಡುತ್ತಾರೆ, ರಾತ್ರಿ ಹಾರಾಟ ಹೇಗಿರುತ್ತದೆ ಅಂತ ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆಯಲಿ. ಈ ಕಡಲಲ್ಲಿ ಹಾರುತ್ತಾ ಹೋದವರ ಹೆಸರು ಹಾಕಲಿ. ಕಿರಣ್ ಹೆಸರೂ ಅಭಿನವ್ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರಲಿ. ಜೋಶಿಯವರನ್ನು ಎತ್ತಿದ ದೋಣಿಯ ಬಗ್ಗೆ ಒಂದು ಸಾಲು ಇರಲೇಬೇಕು.

ಜಿಲ್ಲಾಡಳಿತದಲ್ಲೋ ನೌಕಾನೆಲೆಯಲ್ಲೋ ಪರಿಚಯ ಇರುವವರು ಇಲ್ಲಿ ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಕನ್ನಡದ ಮನವಿ ನಾನು ಬರೆದುಕೊಡುತ್ತೇನೆ. ಕೊಂಕಣಿಯಲ್ಲಿ ಚೆನ್ನಾಗಿ ಬರೆಯುವವರು ಒಬ್ಬರು ಬೇಕು.