ಸೇವ್ ಮಾಡಿಕೊಂಡೇ ಕೊಂದೆ ಸ್ವಾಮಿ

ವಿಡಿಯೋ ಗೇಮ್ ಆಡುವವರಷ್ಟು ಚುರುಕಾದ ವಕೀಲರು ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ. ಗೇಮ್‌ನಲ್ಲಿ ಕೋಳಿಯನ್ನು ಸುಮ್‌ಸುಮ್ನೆ ಯಾಕೆ ಕೊಂದೆ ಅಂದರೆ, "ನಾನೆಲ್ಲಿ ಕೊಂದೆ? ಅದು ನನ್ನ ಕ್ಯಾರೆಕ್ಟರ್" ಅನ್ನುತ್ತಾರೆ. ಡ್ರ್ಯಾಗನ್ ಸತ್ತಾಗ ಮಾತ್ರ ಆ ಕ್ಯಾರೆಕ್ಟರ್ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. "ನಾನೇ ಹೊಡೆದೆ ನೋಡು" ಅಂತ ಸ್ಕ್ರೀನ್‌ಶಾಟ್ ಬರುತ್ತದೆ.

ನಾನೇನು ಸಾಚಾ ಅಲ್ಲ ಬಿಡಿ. 2011ರಲ್ಲಿ ಬಂದ 'ಸ್ಕೈರಿಮ್'ನಲ್ಲಿ ಅಂಗಡಿಯವನ ತಲೆಗೆ ಬಕೆಟ್ ಕವುಚಿದರೆ ಅವನಿಗೆ ನಮ್ಮ ಕಳ್ಳತನ ಕಾಣುವುದಿಲ್ಲ. ಪಾಪ, ಅವನು ಬೇಜಾರೂ ಮಾಡಿಕೊಳ್ಳದೆ ಹಾಗೇ ನಿಂತಿರುತ್ತಾನೆ. ಬೆಕ್ಕು ತನ್ನ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ; ನಾವು ಹಾಲಿನವನ ಕಣ್ಣು ಮುಚ್ಚಿ ಕುಡಿದೆವು. ಕಂಡ ಕಂಡ ಚೀಸನ್ನೆಲ್ಲ ಬಾಚಿಕೊಂಡೆ. ನನ್ನ ವಾದ ಸರಳವಾಗಿತ್ತು: ಕೈಗೆ ಸಿಗುವ ಹಾಗೆ ಬಕೆಟ್ ಇಟ್ಟವರು ಯಾರು? ಗೇಮ್ ಮಾಡಿದವರು. ಹಾಗಾದರೆ ಕಳ್ಳರು ಯಾರು? ಆಮೇಲೆ ಭಾರ ಜಾಸ್ತಿಯಾಗಿ ಓಡಲಿಕ್ಕೇ ಆಗಲಿಲ್ಲ. ಅರ್ಧ ಚೀಸನ್ನು ರಸ್ತೆಯಲ್ಲೇ ಸುರಿದೆ. ಅದನ್ನು ದಾನದ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ಪುಟ್ಟ ಮನುಷ್ಯರಿಗೆ ಮನೆ ಕಟ್ಟಿ ಸಂಸಾರ ನಡೆಸುವ 'ದಿ ಸಿಮ್ಸ್' ಆಡುವವರದ್ದು ಇನ್ನೂ ಚೊಕ್ಕ. "ಈಜುಕೊಳದ ಏಣಿ ತೆಗೆದೆ ಅಷ್ಟೇ. ಮುಳುಗಿದ್ದು ಅವನು."

ಲೆಕ್ಕಾಚಾರದ ಜನವೂ ಇದ್ದಾರೆ. 2007ರ 'ಬಯೋಶಾಕ್'ನಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಉಳಿಸಿದರೆ 80 'ಆಡಮ್' ಸಿಗುತ್ತದೆ. ಶಕ್ತಿ ಕೊಂಡುಕೊಳ್ಳಲು ಅದೇ ದುಡ್ಡು. ಕೊಂದರೆ 160. "ಡಬಲ್ ಅಲ್ವಾ, ಬದುಕಬೇಕಲ್ಲ" ಅನ್ನುತ್ತಾರೆ. ಆದರೆ ಮೂವರನ್ನು ಉಳಿಸಿದಾಗಲೆಲ್ಲ 200ರ ಉಡುಗೊರೆ ಬರುತ್ತದೆ. ಕೂಡಿಸಿ ನೋಡಿ: ಉಳಿಸಿದವನಿಗೆ 440, ಕೊಂದವನಿಗೆ 480. ಮೂರು ಮಕ್ಕಳ ಜೀವಕ್ಕೆ ಲಾಭ 40! ಇದನ್ನು ತೋರಿಸಿದರೆ ಯಾರಿಗೂ ಪಾಪಪ್ರಜ್ಞೆ ಕಾಡುವುದಿಲ್ಲ. "ಛೇ, ಮೊದಲೇ ಹೇಳಬಾರದಿತ್ತಾ" ಅಂತ ಗೇಮ್ ಮೇಲೇ ಸಿಟ್ಟು.

ಎಲ್ಲಕ್ಕಿಂತ ದೊಡ್ಡ ಸಮರ್ಥನೆ ಸೇವ್ ಫೈಲ್, ಅಂದರೆ ಆಟ ಎಲ್ಲಿಗೆ ಬಂದಿದೆ ಅಂತ ಬರೆದಿಟ್ಟ ಕಡತ. "ಮೊದಲು ಸೇವ್ ಮಾಡಿಕೊಂಡೇ ಕೊಂದದ್ದು, ಏನಾಗುತ್ತದೆ ನೋಡೋಣ ಅಂತ." ಗಂಗೆಯಲ್ಲಿ ಮುಳುಗುವಷ್ಟೂ ಕಷ್ಟವಿಲ್ಲ, ಲೋಡ್ ಒತ್ತಿದರೆ ಆಟ ಕೊಲೆಗಿಂತ ಮುಂಚಿನ ಜಾಗಕ್ಕೆ ವಾಪಸ್, ಅಲ್ಲಿಗೆ ಮುಗಿಯಿತು. 2015ರ 'ಅಂಡರ್‌ಟೇಲ್' ಅನ್ನುವ ಗೇಮ್ ಈ ದಾರಿಗೇ ಕಲ್ಲು ಹಾಕಿತು. ನಮ್ಮನ್ನು ಅಮ್ಮನ ಹಾಗೆ ನೋಡಿಕೊಂಡ ಟೊರಿಯಲ್‌ಳನ್ನು ಕೊಂದು, ಮನಸ್ಸು ತಡೆಯದೆ ಹಳೇ ಸೇವ್‌ಗೆ ಹೋಗಿ ಅವಳನ್ನು ಉಳಿಸಿದಿರಿ ಅನ್ನಿ. ಮುಂದೆ ಫ್ಲೋವಿ ಅನ್ನುವ ಹೂವೊಂದು ಎದುರಾಗಿ, ನೀನು ಮಾಡಿದ್ದು ನನಗೆ ಗೊತ್ತು ಅಂತ ಹಂಗಿಸುತ್ತದೆ. ಕೊಲೆ ಮಾಡುವಾಗ ಅಲುಗದ ಎದೆ ಸಾಕ್ಷಿ ಇದೆ ಅಂದ ಕೂಡಲೇ ಒಡೆದುಹೋಗುತ್ತದೆ. "ಇದು ಮೋಸ, ಗೇಮ್ ನನ್ನ ಮೇಲೆ ಕಣ್ಣಿಟ್ಟಿದೆ!"

ನನ್ನ ಗೆಳೆಯನೊಬ್ಬ ಗೇಮ್‌ನ ಆ ನೆನಪು ಕಂಪ್ಯೂಟರಿನ ಯಾವ ಮೂಲೆಯಲ್ಲಿ ಅಡಗಿದೆ ಅಂತ ರಾತ್ರಿಯೆಲ್ಲ ಹುಡುಕಿದ. ಬೆಳಿಗ್ಗೆ ಮೆಸೇಜ್ ಬಂತು: "ಫೈಲ್ ಸಿಕ್ಕಿತು ಮಾರಾಯ, ಡಿಲೀಟ್ ಮಾಡಿದೆ. ಈಗ ನಾನು ಯಾರನ್ನೂ ಕೊಂದಿಲ್ಲ."