ಮತ್ತಿ ಮೀನಿನ ಚುಕ್ಕೆಯೂ ನಮ್ಮೂರಿನ ನೀಲಿ ಟಾರ್ಪಾಲೂ

ಈ ಬೇಸಿಗೆ ರಜೆಯಲ್ಲಿ ಮಡಿಕೇರಿಯಲ್ಲಿ ನನ್ನ ಹೊಸ ಚಿತ್ರಗಳ ಪ್ರದರ್ಶನ ಇಟ್ಟಿದ್ದೆ. ಎಲ್ಲವೂ ನಾನೀಗ ಟೀಚರಾಗಿರುವ ಕೇರಳದ ಕಣ್ಣೂರಿನ ಕಡಲ ದಂಡೆಯವು. ಬಂದವರಲ್ಲಿ ಬಹುಪಾಲು ಜನ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವ ಬೀಚು?" ಹೆಸರು ಹೇಳಿದ ಕೂಡಲೇ ಅವರ ಕೆಲಸ ಮುಗಿಯಿತು, ಮುಂದಿನ ಚಿತ್ರಕ್ಕೆ ನಡೆದರು. ಸೋಮವಾರಪೇಟೆಯಿಂದ ಬಸ್ಸು ಹಿಡಿದು ಬಂದಿದ್ದ ಚಿಕ್ಕಪ್ಪ ಮಾತ್ರ ಮೀನಿನ ಕ್ರೇಟಿನ ಚಿತ್ರದ ಎದುರು ಒಂದಿಷ್ಟು ನಿಂತರು. "ಅಲ್ಲಮ್ಮಾ, ನಮ್ಮಲ್ಲಿ ಅಬ್ಬಿ ಇದೆ, ರಾಜಾಸೀಟ್ ಇದೆ, ದುಬಾರೆಯ ಆನೆಗಳಿವೆ. ಅದನ್ನೆಲ್ಲ ಬಿಟ್ಟು ಮೀನು ಬರೆಯಲು ಅಷ್ಟು ದೂರ ಹೋಗಬೇಕಿತ್ತಾ?" ಎಂದರು. ಪ್ರೀತಿಯಿಂದಲೇ ಕೇಳಿದ್ದು. ಆದರೂ ಆ ಮಾತು ಚುಚ್ಚಿತು.

ಕಾರಣವಿದೆ. ಅದೇ ಚಿತ್ರವನ್ನು ಕಣ್ಣೂರಿನ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಒಣಗಲು ಇಟ್ಟಿದ್ದಾಗ, ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ತರುವವರು ಗೇಟಿನ ಹತ್ತಿರ ನಿಂತು ನೋಡಿದ್ದರು. ಮತ್ತಿಯ, ಅಂದರೆ ಬೂತಾಯಿ ಮೀನಿನ, ಕಿವಿರಿನ ಹಿಂದೆ ಮಸುಕಾದ ಬಂಗಾರದ ಚುಕ್ಕೆ ಇರುತ್ತದೆ. ಅಲ್ಲಿಂದ ಅದೇ ಬಣ್ಣದ ತೆಳು ಗೆರೆಯೊಂದು ಬಾಲದ ಕಡೆಗೆ ಹೊರಡುತ್ತದೆ. ಮೀನು ಸಾರು ಮಾಡುವವರಿಗೆ ಅದು ಕಾಣುವುದೇ ಇಲ್ಲ. ನಾನು ಆ ಚುಕ್ಕೆಗೆ ಹಳದಿಯ ಒಂದು ಹನಿ ಇಟ್ಟಿದ್ದೆ, ಅಷ್ಟೇ. ಅವರ ಬೆರಳು ನೇರವಾಗಿ ಅಲ್ಲಿಗೇ ಹೋಯಿತು. "ಟೀಚರೇ, ಇದನ್ನು ನೋಡಿದ್ದೀರಲ್ಲ!" ಎಂದರು. ಆಮೇಲೆ ವಾದ ಶುರುವಾಯಿತು. ಬೆನ್ನಿನ ಈ ಹಸಿರು ಬೆರೆತ ನೀಲಿ ಬೆಳಗಿನ ಮೀನಿನದು, ಮಧ್ಯಾಹ್ನದ ಹೊತ್ತಿಗೆ ಅದು ಬೂದಿ ಬಣ್ಣವಾಗಿರುತ್ತದೆ, ಹಾಗಾದರೆ ಹಿಂದಿನ ಮಂಜುಗಡ್ಡೆ ಇಷ್ಟೊಂದು ಕರಗಿರುವುದು ಹೇಗೆ ಎಂದು ಕೇಳಿದರು. ನಾನು ನನ್ನ ಸಮರ್ಥನೆ ಕೊಟ್ಟೆ, ಅವರು ಒಪ್ಪಲಿಲ್ಲ. ಬೀದಿಯ ಕೊನೆಯಲ್ಲಿ ಮೀನಿಗಾಗಿ ಪಾತ್ರೆ ಹಿಡಿದು ಕಾಯುತ್ತಿದ್ದವರು ಕೂಗುವವರೆಗೂ ಈ ಚರ್ಚೆ ನಡೆಯಿತು. ನನ್ನ ಚಿತ್ರದ ಮುಂದೆ ಯಾರಾದರೂ ಅಷ್ಟು ಹೊತ್ತು ನಿಂತದ್ದು, ಅಷ್ಟು ಗಂಭೀರವಾಗಿ ತಕರಾರು ತೆಗೆದದ್ದು ಬಹಳ ಕಡಿಮೆ.

ಈ ಚಿತ್ರಗಳು ಹುಟ್ಟಿದ್ದು ಹೇಗೆ ಎಂದು ಮಡಿಕೇರಿಯಲ್ಲಿ ಯಾರೂ ಕೇಳಲಿಲ್ಲವಾದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಕಣ್ಣೂರಿನಲ್ಲಿ ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸೇಂಟ್ ಆಂಜೆಲೊ ಕೋಟೆ ಇದೆ. ಕೆಂಪು ಜಂಬಿಟ್ಟಿಗೆಯ ಗೋಡೆ, ಅದರಾಚೆ ಕಡಲು. ಬರುವವರೆಲ್ಲ ಫಿರಂಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಹೋಗುವುದು ಕೋಟೆಯ ಗೋಡೆಯಿಂದ ಕೆಳಗೆ ಕಾಣುವ ಮಾಪ್ಪಿಳ ಬೇ ಬಂದರಿನ ಸಲುವಾಗಿ. ಶಾಲೆಯ ಗಂಟೆ ಮುಗಿದ ಮೇಲೆ ಅಲ್ಲಿ ಕೂತರೆ ನೀಲಿ ದೋಣಿಗಳ ಸಾಲು ಕಾಣುತ್ತದೆ. ಅವುಗಳ ಮೇಲೆ ಕಿತ್ತಳೆ ಕೋಣೆ, ಒಣಗಲು ಹರವಿದ ಹಸಿರು ನೈಲಾನ್ ಬಲೆ, ಒಂದರ ಮೇಲೊಂದು ಪೇರಿಸಿದ ಕೆಂಪು ಹಳದಿ ಕ್ರೇಟು, ದೋಣಿಯಿಂದ ದೋಣಿಗೆ ಕಟ್ಟಿದ ಹಗ್ಗದಲ್ಲಿ ಚೌಕುಳಿ ಲುಂಗಿ. ಇವು ಯಾವುವನ್ನೂ ಯಾರೂ ಚಂದ ಕಾಣಲೆಂದು ಅಲ್ಲಿ ಇಟ್ಟದ್ದಲ್ಲ. ಮೋಡದ ದಿನ ಕಡಲೆಲ್ಲ ಬೂದಿ ಬಣ್ಣವಾಗಿರುವಾಗ ಆ ಒಂದು ಕಿತ್ತಳೆ ಹೇಗೆ ಎದ್ದು ನಿಲ್ಲುತ್ತದೆ ಎಂದರೆ, ಕುಂಚ ಹಿಡಿಯದೆ ಇರಲು ಸಾಧ್ಯವೇ ಇಲ್ಲ. ಕೊಡಗಿನಲ್ಲಿದ್ದಾಗ ನನ್ನ ಡಬ್ಬಿಯಲ್ಲಿ ಮೊದಲು ಮುಗಿಯುತ್ತಿದ್ದುದು ಹಸಿರು. ಈಗ ಮುಗಿಯುವುದು ಕಿತ್ತಳೆ.

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ನಡುರಾತ್ರಿಯವರೆಗೆ, 52 ದಿನ, ಟ್ರಾಲಿಂಗ್ ನಿಷೇಧ, ಅಂದರೆ ಯಂತ್ರದ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವಂತಿಲ್ಲ. ದೊಡ್ಡ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಲೇ ರಿಪೇರಿ, ಆಗಲೇ ಬಣ್ಣ. ನನಗಂತೂ ವರ್ಷದ ಅತ್ಯಂತ ಒಳ್ಳೆಯ ಕಾಲ ಅದು. ಹಳೆಯ ಬಣ್ಣ ಕೆರೆದಾಗ ಅದರ ಕೆಳಗೆ ಅದಕ್ಕಿಂತ ಹಳೆಯ ಬಣ್ಣ, ಅದರ ಕೆಳಗೆ ಮರ. ಮಳೆ ಬಿಡುವು ಕೊಟ್ಟ ಗಳಿಗೆಯಲ್ಲಿ ಬಳಿಯುವ ಕೆಲಸ. ದೋಣಿಯ ಹೆಸರಿನ ಅಂಚಿಗೆ ಬಿಳಿ ಇರಬೇಕೋ ಹಳದಿಯೋ ಎಂದು ಅಣ್ಣತಮ್ಮಂದಿರಿಬ್ಬರು ಜಗಳವಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಮುಸ್ಸಂಜೆಯಲ್ಲಿ ಹಳದಿಯೇ ದೂರಕ್ಕೆ ಕಾಣುತ್ತದೆ ಎಂದು ಅಣ್ಣ, ಅಪ್ಪನ ಕಾಲದಿಂದ ಬಿಳಿ ಇತ್ತು ಎಂದು ತಮ್ಮ. ಬಣ್ಣ ಅವರಿಗೆ ಹೊಟ್ಟೆಪಾಡಿನ ವಿಷಯವೂ ಹೌದು, ಮನೆತನದ ವಿಷಯವೂ ಹೌದು. ಆದ್ದರಿಂದ ಬಣ್ಣದ ಬಗ್ಗೆ ಅವರಿಗೆ ಅಭಿಪ್ರಾಯವಿದೆ, ಮತ್ತು ಅದನ್ನು ಹೇಳಲು ಸಂಕೋಚವಿಲ್ಲ.

ನಮ್ಮ ಕಡೆ? ಕೊಡಗಿನಿಂದ ನನಗೆ ಬರುವ ಬೇಡಿಕೆಗಳನ್ನು ಹೇಳುತ್ತೇನೆ. ಜಲಪಾತ. ಆನೆ. ಮಂಜಿನಲ್ಲಿ ಬೆಟ್ಟದ ಸಾಲು. ಎಲೆಯ ಸಮೇತ ಕಾಫಿ ಹಣ್ಣಿನ ಗೊಂಚಲು, ಹಣ್ಣೆಲ್ಲ ಒಂದೇ ಸಮ ಕೆಂಪಾಗಿರಬೇಕು. ಕೊಡವರ ಉಡುಪಾದ ಕುಪ್ಯ ಚೇಲೆ ತೊಟ್ಟು ಪೀಚೆಕತ್ತಿ ಸಿಕ್ಕಿಸಿದ ಗಂಡು, ಪಕ್ಕದಲ್ಲಿ ಹೆಣ್ಣು. ಹೆಚ್ಚಿನವು ಹೋಮ್‌ಸ್ಟೇ ಗೋಡೆಗೆ. "ಸೋಫಾ ಕಂದು ಬಣ್ಣದ್ದು, ಅದಕ್ಕೆ ಹೊಂದುವಂತೆ ಇರಲಿ" ಎಂದು ಫೋನಿನಲ್ಲಿ ಹೇಳುತ್ತಾರೆ. ಬರೆದು ಕಳಿಸುತ್ತೇನೆ, ದುಡ್ಡೂ ಬರುತ್ತದೆ. ಬರೆಯುತ್ತಿರುವಾಗಲೆಲ್ಲ ಮನಸ್ಸಿನಲ್ಲಿ ಬರುವುದು ಒಂದೇ: ಈ ಗೋಡೆಯನ್ನು ನೋಡುವವರು ಎರಡು ರಾತ್ರಿ ತಂಗಿ ಹೋಗುವವರು. ಮನೆಯವರಿಗಾಗಿ ಅಲ್ಲಿ ಏನೂ ಇಲ್ಲ. ನಮ್ಮ ಊರನ್ನು ನಾವೇ ಪ್ರವಾಸಿಗರ ಕಣ್ಣಿನಿಂದ ನೋಡಲು ಕಲಿತುಬಿಟ್ಟಿದ್ದೇವೆ. ಅವರು ಕಾರು ನಿಲ್ಲಿಸಿ ಫೋಟೊ ತೆಗೆದ ಜಾಗ ಮಾತ್ರ ನಮಗೂ ಚಿತ್ರಕ್ಕೆ ಯೋಗ್ಯವಾದ ಜಾಗ. ಉಳಿದದ್ದು ಬರೀ ಕೆಲಸ, ಬರೀ ಕೆಸರು.

ಕಾಫಿ ಕಣವನ್ನೇ ತೆಗೆದುಕೊಳ್ಳಿ. ರೊಬಸ್ಟಾ ಕೊಯ್ದು ತಂದು ಹರವಿದ ಮೊದಲ ದಿನ ಕಣವಿಡೀ ಕೆಂಪು, ನಡುನಡುವೆ ಹಳದಿ, ಅಲ್ಲಲ್ಲಿ ಅವಸರಕ್ಕೆ ಬಿದ್ದ ಹಸಿರು ಕಾಯಿ. ಎರಡು ಮೂರು ಬಿಸಿಲು ಕಂಡರೆ ಕೆಂಪು ಕಪ್ಪಾಗತೊಡಗುತ್ತದೆ. ಕೊನೆಗೆ ಅಲುಗಿಸಿದರೆ ಒಳಗಿನ ಬೀಜ ಸದ್ದು ಮಾಡುವ ಕಪ್ಪು ಕಂದು. ಹಲಗೆಯಿಂದ ಎಳೆದು ತಿರುವಿದಾಗ ಏಳುವ ಸಾಲುಗಳಲ್ಲಿ ಒಂದು ಮಗ್ಗುಲು ಒಣಗಿದ್ದು, ಇನ್ನೊಂದು ಮಗ್ಗುಲು ಇನ್ನೂ ಹಸಿ. ಒಂದೇ ಕಣದಲ್ಲಿ ಬೇರೆ ಬೇರೆ ದಿನದ ಕೊಯ್ಲು ಪಕ್ಕಪಕ್ಕದಲ್ಲಿ ಬಿದ್ದಿರುತ್ತದೆ, ಪ್ರತಿಯೊಂದಕ್ಕೂ ಅದರದೇ ಕೆಂಪು. ಅಕಾಲದ ಮೋಡ ಕಂಡ ಕೂಡಲೇ ಎಲ್ಲರೂ ಓಡಿ ಬಂದು ನೀಲಿ ಟಾರ್ಪಾಲು ಎಳೆಯುತ್ತಾರೆ. ಆ ಕೆಂಪಿನ ಮೇಲೆ ಆ ನೀಲಿ ಹರಿದು ಬರುವ ಕ್ಷಣ ನನ್ನ ಮಟ್ಟಿಗೆ ಯಾವ ಜಲಪಾತಕ್ಕೂ ಕಡಿಮೆಯಲ್ಲ. ಇದನ್ನು ಕೊಡಗಿನ ಎಷ್ಟು ಗೋಡೆಗಳ ಮೇಲೆ ನೋಡಿದ್ದೀರಿ? ಮಳೆಗಾಲದಲ್ಲಿ ಸುಂಟಿಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತ ಕೊಡೆಗಳು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ ತೋಟಕ್ಕೆ ನಡೆಯುವ ಹೆಂಗಸರು, ತೋಟದ ಕೆಲಸಗಾರರ ಲೈನ್ ಮನೆಯ ಮುಂದಿನ ಒಗೆದ ಬಟ್ಟೆ ಎಲ್ಲ ದಿನವೂ ಕಾಣುವಂಥವು. ದಿನವೂ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಅವು ಚಿತ್ರವಾಗಬಾರದು ಎಂದು ನಮ್ಮಲ್ಲಿ ಯಾರು ತೀರ್ಮಾನಿಸಿದರೋ ತಿಳಿಯದು.

ಕನ್ನಡದ ಕಲಾವಿದರಲ್ಲಿ ಈ ಕಣ್ಣು ಇಲ್ಲದೆ ಇಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಬಾಳಿದ್ದು ಮುಂಬಯಿಯಲ್ಲಿ. ಆದರೆ ಅವರ ರೇಖೆಗಳಲ್ಲಿ ದುಡಿಯುವ ಜನ, ಕುಣಿಯುವ ಜನ ತುಂಬಿದ್ದಾರೆ. ಚೆನ್ನೈ ಹೊರವಲಯದ ಕಡಲ ದಂಡೆಯಲ್ಲಿ 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಇದ್ದರು. ಬಾಟಿಕ್‌ನಂಥ ಕರಕುಶಲ ವಸ್ತುಗಳನ್ನು ಮಾಡಿ ಮಾರಿ, ಆ ದುಡ್ಡಿನಲ್ಲಿ ತಮಗೆ ಬೇಕಾದ ಚಿತ್ರ ಬರೆದವರು ಅವರು. ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೆಲ್ಲ ಸರಿ. ನನ್ನ ಸಿಟ್ಟು ಕಲಾವಿದರ ಮೇಲಲ್ಲ, ನಮ್ಮ ಜಿಲ್ಲೆಯ ಗೋಡೆಗಳ ಮೇಲೆ.

ಇನ್ನು "ಅಷ್ಟು ದೂರ" ಎಂಬ ಮಾತು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಮಾಕುಟ್ಟದ ಕಾಡು ಇಳಿದು, ಕೂಟುಪುಳದ ಸೇತುವೆ ದಾಟಿದರೆ ಕೇರಳ. ಇರಿಟ್ಟಿಯಲ್ಲಿ ಚಹಾ ಕುಡಿದು ಹೊರಟರೆ ಊಟದ ಹೊತ್ತಿಗೆ ಕಡಲು. ಕೊಡಗಿನ ಅಡುಗೆಮನೆಗೆ ಮತ್ತಿ ಬರುವುದೂ ಇದೇ ದಾರಿಯಲ್ಲಿ. ದಕ್ಷಿಣ ಕೊಡಗಿನಲ್ಲಿ ಹುಟ್ಟಿ ಪಡುವಣಕ್ಕೆ ಹರಿಯುವ ಬಾರಾಪೊಳೆ ವಳಪಟ್ಟಣಂ ನದಿಯನ್ನು ಸೇರಿ ಕಣ್ಣೂರಿನ ಪಕ್ಕದಲ್ಲಿಯೇ ಕಡಲಿಗೆ ಬೀಳುತ್ತದೆ. ಜೂನ್‌ನಲ್ಲಿ ಇಲ್ಲಿಯ ಕಡಲಿನ ಮೇಲಿಂದ ಹೊರಟ ಮೋಡವೇ ಭಾಗಮಂಡಲದಲ್ಲಿ ಸುರಿಯುವುದು. ಬಂದರಿನಲ್ಲಿ ಕೂತು ಮೂಡಣಕ್ಕೆ ಸಾಗುವ ಮೋಡ ನೋಡಿದಾಗಲೆಲ್ಲ ಅಮ್ಮನಿಗೆ ಫೋನ್ ಮಾಡಿ, ಒಣಗಲು ಹಾಕಿದ್ದನ್ನು ಒಳಗೆ ತೆಗೆಯಲು ಹೇಳಬೇಕೆನಿಸುತ್ತದೆ. ಎಷ್ಟೋ ಸಲ ಹೇಳಿದ್ದೇನೆ ಕೂಡ. ಕಡಲು ಪರದೇಶ, ಅದರ ಬಣ್ಣ ನಮ್ಮದಲ್ಲ ಎಂಬ ಭಾವನೆ ಕೊಡಗಿನವರಿಗೆ ಎಲ್ಲಿಂದ ಬಂತೋ!

ಇಷ್ಟು ಬರೆದ ಮೇಲೆ ಎರಡು ವಿಷಯ ಬಿಟ್ಟರೆ ಅನ್ಯಾಯವಾಗುತ್ತದೆ. ಮೊದಲನೆಯದು, ಕಾಫಿ ಕಣದ ಚಿತ್ರವೊಂದನ್ನು ಕಣ್ಣೂರಿನ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಇಟ್ಟಿದ್ದೆ. ಬಂದ ಪೋಷಕರು ಕೇಳಿದ್ದು, "ಇದು ಕೂರ್ಗಾ? ಅಲ್ಲಿ ಒಳ್ಳೆಯ ಹೋಮ್‌ಸ್ಟೇ ಯಾವುದು, ಟೀಚರೇ?" ದೋಣಿಯ ಅಂಚಿನ ಬಣ್ಣಕ್ಕೆ ಜಗಳವಾಡುವ ಊರಿನವರೇ ಅವರು. ಆ ಕಪ್ಪಾಗುತ್ತಿರುವ ಕೆಂಪಿನ ಮುಂದೆ ಒಬ್ಬರೂ ನಿಲ್ಲಲಿಲ್ಲ. ಅವರ ಕಣ್ಣಿನ ಸೂಕ್ಷ್ಮ ಅವರ ಬಂದರಿನ ಗಡಿಯವರೆಗೆ ಮಾತ್ರ ಎಂದು ಒಪ್ಪಿಕೊಳ್ಳುವುದು ನನಗೆ ಸುಲಭವಲ್ಲ, ಆದರೆ ಆದದ್ದು ಹಾಗೆಯೇ.

ಎರಡನೆಯದು ಮಡಿಕೇರಿಯದ್ದೇ. ಕೊನೆಯ ದಿನ ಸುಂಟಿಕೊಪ್ಪ ಕಡೆಯ ಕಣವೊಂದರಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಬಂದಿದ್ದರು. ಮಾಲೀಕರ ಜೊತೆ ಪೇಟೆಗೆ ಬಂದವರು, ಮಳೆ ಹನಿ ಬಿತ್ತೆಂದು ಒಳಗೆ ನಿಂತವರು. ಒಣಮೀನಿನ ಮೇಲೆ ಟಾರ್ಪಾಲು ಹೊದಿಸಿದ ಚಿತ್ರವೊಂದರ ಮುಂದೆ ಬಂದು ನಿಂತರು. ಅದರಲ್ಲಿ ಟಾರ್ಪಾಲಿನ ಒಂದು ಮೂಲೆ ಎದ್ದಿತ್ತು. "ಗಾಳಿ ಕಡಲಿನ ಕಡೆಯಿಂದ ಹೊಡೆಯುತ್ತಿದೆ ಅಲ್ಲವೇ? ಆ ಮೂಲೆಗೆ ಇಟ್ಟ ಕಲ್ಲು ಸಾಲದು ಮೇಡಂ, ಸಂಜೆಯೊಳಗೆ ಹಾರಿಹೋಗುತ್ತದೆ" ಎಂದರು. ಯಾವ ಬೀಚು ಎಂದು ಕೇಳಲಿಲ್ಲ. ಮಡಚಿದ ಗೆರೆಯ ಹತ್ತಿರ ನೀಲಿ ಮಾಸಿ ಬೆಳ್ಳಗಾಗಿರುವುದನ್ನು ತೋರಿಸಿ, ಎರಡು ವರ್ಷದ ಹಳೆಯ ಮಾಲು ಎಂದು ತೀರ್ಪು ಕೊಟ್ಟರು. ಸ್ಕೂಟರಿನ ಮೀನಿನವರಿಗೂ ಇವರಿಗೂ ನೋಡುವುದರಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹಾಗಾಗಿ ಕೊಡಗಿಗೆ ಕಣ್ಣಿಲ್ಲ ಎಂದು ನಾನು ಹೇಳಲಾರೆ. ಕಣ್ಣಿರುವವರು ಮಳೆ ಬಂದರೆ ಮಾತ್ರ ಸಭಾಂಗಣದ ಒಳಗೆ ಬರುತ್ತಾರೆ, ಅಷ್ಟೇ. ಆಹ್ವಾನ ಪತ್ರಿಕೆ ಅವರ ಮನೆಯವರೆಗೆ ಹೋಗುವುದಿಲ್ಲ. ಕಳಿಸಬೇಕೆಂದು ನಮಗೆ ತೋಚುವುದೂ ಇಲ್ಲ.

ಆ ಕಣದ ಮಾಲೀಕರ ಹತ್ತಿರ ಅಂದೇ ಮಾತಾಡಿದ್ದೇನೆ. ಕೊಯ್ಲು ಮುಗಿದು, ಚೀಲಗಳು ಗೋದಾಮು ಸೇರಿದ ಮೇಲೆ ಕಣ ಖಾಲಿ ಇರುತ್ತದೆ, ಬೇಕಾದರೆ ಬಳಸಿಕೊಳ್ಳಿ ಎಂದಿದ್ದಾರೆ. ಅಂಚಿನಲ್ಲಿ ಹಗ್ಗ ಕಟ್ಟಲು ಸಿಲ್ವರ್ ಓಕ್ ಮರಗಳಿವೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಮುಗಿಸಬೇಕು. ಕಡಲಿನ ಚಿತ್ರಗಳನ್ನೂ ಕಣದ ಚಿತ್ರಗಳನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತೇನೆ. ಲೈನ್ ಮನೆಯವರಿಗೆ ನಾನೇ ಹೋಗಿ ಹೇಳಿಬರುತ್ತೇನೆ. ಹೋಮ್‌ಸ್ಟೇಯವರೂ ಬರಲಿ, ಕೊಳ್ಳಲಿ. ಸೋಫಾದ ಬಣ್ಣವನ್ನು ಮಾತ್ರ ಈ ಸಲ ಕೇಳುವುದಿಲ್ಲ.