ನೆಬ್ರಾಸ್ಕಾ 2021ರಲ್ಲಿ ಎಲ್ಲ ಕಡೆ ಹೀನಾಯವಾಗಿ ಸೋತಿತ್ತಾ? ಒಂದು ಸ್ಪಷ್ಟನೆ

2021ರಲ್ಲಿ ಅಮೆರಿಕದ ನೆಬ್ರಾಸ್ಕಾ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡ ಹೋದಲ್ಲೆಲ್ಲ ಹೀನಾಯವಾಗಿ ಸೋತಿತು ಅಂತ ಒಂದು ಮಾತು ಓಡಾಡ್ತಿದೆ. ಅದು ತಪ್ಪು.

ಸೋತಿದ್ದು ನಿಜ, 12 ಪಂದ್ಯದಲ್ಲಿ 9. ಆದರೆ ಒಂದರಲ್ಲೂ ಅಂತರ 9 ಪಾಯಿಂಟ್ ದಾಟಲಿಲ್ಲ. ಆ 9 ಕೂಡ ಓಹಾಯೋ ಸ್ಟೇಟ್ ಎದುರು, 26-17. ಮಿಶಿಗನ್ ಗೆದ್ದಿದ್ದು ಬರೀ 3 ಪಾಯಿಂಟ್‌ನಿಂದ. ಇಡೀ ಸೀಸನ್ ಕೂಡಿಸಿದರೆ ನೆಬ್ರಾಸ್ಕಾ ಬಿಟ್ಟುಕೊಟ್ಟಿದ್ದಕ್ಕಿಂತ 63 ಪಾಯಿಂಟ್ ಜಾಸ್ತಿನೇ ಗಳಿಸಿತ್ತು, ನಾರ್ತ್‌ವೆಸ್ಟರ್ನ್ ತಂಡವನ್ನಂತೂ 56-7ರಿಂದ ಬಗ್ಗುಬಡಿದಿತ್ತು!

ಹಾಗಾದರೆ ಸೋತಿದ್ದು ಹೇಗೆ? ಅಯೋವಾ ಪಂದ್ಯ ನೋಡಿ. ನೆಬ್ರಾಸ್ಕಾ 21-6 ಮುಂದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ನೆಬ್ರಾಸ್ಕಾದವರು ಒಂದು ಪಂಟ್ (ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವಾಗ ದೂರಕ್ಕೆ ಒದೆಯುವುದು) ಒದ್ದರು, ಅಯೋವಾದವರು ಅದನ್ನು ಅಲ್ಲೇ ತಡೆದು, ಚೆಂಡು ಎತ್ತಿಕೊಂಡು ಗೆರೆ ದಾಟಿ ಓಡಿ ಟಚ್‌ಡೌನ್ (6 ಪಾಯಿಂಟ್) ಮಾಡಿಬಿಟ್ಟರು. ಕೊನೆಗೆ ಅಯೋವಾ 28-21ರಿಂದ ಗೆದ್ದಿತು. ನೋಡಿದವರಿಗೆ ಹೊಟ್ಟೆ ಉರಿಯುತ್ತೆ, ಅಲ್ವಾ? ನೆಬ್ರಾಸ್ಕಾ ಹುಡುಗರು ಆಡೋದೇ ಬಿಟ್ಟರು ಅಂತ ಮಾತ್ರ ದಯವಿಟ್ಟು ಹೇಳಬೇಡಿ.